ಕಚ್ಚುವ ಬಟಾಣಿ

ಮನೆಯಲ್ಲಿ ಎಲ್ಲರೂ ಅವಳನ್ನು ಬಟಾಣಿ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗಲೇ ದುಂಡಗಿದ್ದಳು, ಎತ್ತಿಕೊಂಡರೆ ಕೈಯಿಂದ ಜಾರುತ್ತಿದ್ದಳು; ಅಜ್ಜಿ ಇಟ್ಟ ಹೆಸರು ಹಾಗೇ ನಿಂತಿತು. ಈಗ ಎರಡು ತುಂಬಿ ಮೂರರ ಕಡೆ ಹೊರಟಿದ್ದಳು. ಬಾಯಲ್ಲಿ ಮಾತು ಬೆರಳೆಣಿಕೆಯಷ್ಟು, ಹಲ್ಲು ಮಾತ್ರ ಬಾಯಿ ತುಂಬ. ಆ ಹಲ್ಲುಗಳನ್ನು ಅವಳು ಸುಮ್ಮನೆ ಇಟ್ಟುಕೊಂಡಿರಲಿಲ್ಲ.

"ಇವತ್ತು ಶಿಶುವಿಹಾರದಲ್ಲಿ ಮತ್ತೆ ಕಚ್ಚಿದ್ದಾಳೆ," ಎಂದಳು ಸೊಸೆ, ಚಪ್ಪಲಿ ಬಿಡುವ ಮೊದಲೇ. "ಎರಡು ಜಡೆ ಹಾಕ್ಕೊಂಡು ಬರ್ತಾಳಲ್ಲ, ಆ ಹುಡುಗಿ ತೋಳಿಗೆ. ಅಚ್ಚು ಒತ್ತಿದ ಹಾಗೆ ಕೂತಿದೆ ಗುರುತು. ಟೀಚರು, ಸ್ವಲ್ಪ ದಿನ ಮನೆಯಲ್ಲೇ ಇಟ್ಕೊಳ್ಳಿ, ಈ ಅಭ್ಯಾಸ ಬಿಟ್ಟ ಮೇಲೆ ಕರ್ಕೊಂಡು ಬನ್ನಿ ಅಂದ್ರು."

ಅವಳ ಸೊಂಟದ ಮೇಲೆ ಕೂತಿದ್ದ ಅಪರಾಧಿ ಮೇಜಿನ ಮೇಲಿದ್ದ ಬಾಳೆಹಣ್ಣಿನ ಕಡೆ ಕೈ ಚಾಚಿದಳು.

ಮಗ ಒಂದು ಕಾರ್ಖಾನೆಯಲ್ಲಿ ಕಟ್ಟುಹಲ್ಲು ಮಾಡುವವನು. ಅವನಪ್ಪನ ಬಾಯಲ್ಲಿರುವ ಸೆಟ್ಟೂ ಅವನದೇ ಕೈಕೆಲಸ. "ಕಟ್ಟುಹಲ್ಲಿನವನ ಮಗಳಲ್ವಾ," ಎಂದ, "ಸ್ಯಾಂಪಲ್ ತೋರಿಸಿ ಬಂದಿದ್ದಾಳೆ."

"ನಗ್ಬೇಡಿ ನೀವು. ಗೇಟಿನ ಹತ್ರ ಎಲ್ಲ ತಾಯಂದಿರೂ ನನ್ನೇ ನೋಡ್ತಾ ಇದ್ರು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು."

ಅಂದು ಊಟದ ಹೊತ್ತಿಗೆ ಮಾತು ಬಿಸಿಯಾಯಿತು. ಮಗುವನ್ನು ಹಗಲು ಯಾರು ನೋಡಿಕೊಳ್ಳಬೇಕು? ಸೊಸೆಗೆ ಔಷಧಿ ಅಂಗಡಿಯ ಕೆಲಸ ಕಾಯಂ ಆಗಿ ಇನ್ನೂ ಹೊಸದು, ರಜೆ ಎಂದರೆ ಮಾಲೀಕನ ಹುಬ್ಬು ಹಣೆ ಮೇಲೇರುತ್ತಿತ್ತು. ಮಗನಿಗಂತೂ ಹಬೆ, ಮೇಣ, ಪುಡಿಯ ನಡುವೆ ಬೆಳಗಿನಿಂದ ಸಂಜೆವರೆಗೆ ತಲೆ ಎತ್ತಲು ಬಿಡುವಿರಲಿಲ್ಲ. ಇಬ್ಬರೂ ಅನ್ನ ಕಲೆಸುತ್ತ ಕಲೆಸುತ್ತ ಕಡೆಗೆ ಅಜ್ಜಿಯ ಮುಖ ನೋಡಿದರು.

ಅಜ್ಜಿ ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು: "ನನ್ನನ್ನ ನೋಡ್ಬೇಡಿ."

"ಅಮ್ಮಾ, ನಾವೇನೂ ಕೇಳೇ ಇಲ್ಲ."

"ಕಣ್ಣಲ್ಲಿ ಕೇಳಿದ್ರಿ. ನೋಡಪ್ಪಾ, ನಿನ್ನನ್ನ ಸಾಕಿದ್ದಾಯ್ತು, ನಿನ್ನ ಅಜ್ಜಿ ಹಾಸಿಗೆ ಹಿಡಿದಾಗ ನೋಡ್ಕೊಂಡಿದ್ದಾಯ್ತು. ಐವತ್ತು ದಾಟಿದ ಮೇಲೆ ಪರದೆ ಅಂಗಡಿಗೆ ಹೊಲಿಯೋಕೆ ಸೇರಿದೆ. ಈಗ ತಾನೇ ನನ್ನ ಕೈಗೆ ಕತ್ತರಿ ಕೊಟ್ಟಿದ್ದಾರೆ. ಬಟ್ಟೆ ಕತ್ತರಿಸೋದು ಅಂದ್ರೆ ಹುಡುಗಾಟ ಅಲ್ಲ. ಒಂದು ಗೆರೆ ತಪ್ಪಿದ್ರೆ ಇಡೀ ಥಾನು ಬಟ್ಟೆ ಹಾಳು. ಮೊಮ್ಮಗಳ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ. ಆದ್ರೆ ಆ ಕತ್ತರೀನ ನಾನು ಕೆಳಗಿಡಲ್ಲ."

ಸೊಸೆ ಗಂಡನನ್ನು ನೋಡಿದಳು, ಗಂಡ ನೀರಿನ ಲೋಟ ನೋಡಿದ. ಯಾರೂ ನೋಡದೇ ಹೋದದ್ದು ಮೇಜಿನ ಆ ತುದಿಯಲ್ಲಿ ಕೂತಿದ್ದ ಅಜ್ಜನನ್ನು.

ಅಜ್ಜ ನಲವತ್ತು ವರ್ಷ ಕ್ರೇನು ನಡೆಸಿದವನು. ಕಟ್ಟಡಗಳಿಗಿಂತ ಎತ್ತರದಲ್ಲಿ, ಗಾಜಿನ ಪುಟ್ಟ ಗೂಡಿನೊಳಗೆ ಒಬ್ಬನೇ ಕೂತು, ಕೆಳಗೆ ನಿಂತವನ ಕೈಸನ್ನೆ ನೋಡಿ ಉಕ್ಕಿನ ತೊಲೆಗಳನ್ನು ಎತ್ತುವುದು, ಇಳಿಸುವುದು. ಅಲ್ಲಿ ಮಾತಿಗೆ ಕೆಲಸವಿರಲಿಲ್ಲ, ಮನೆಗೆ ಬಂದ ಮೇಲೂ ಅದು ಹೊರಡುತ್ತಿರಲಿಲ್ಲ. ಮಂಡಿ ನೋವು ಶುರುವಾಗಿ ಏಣಿ ಹತ್ತಲಾಗದೆ ನಿವೃತ್ತನಾದಾಗಿನಿಂದ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪೇಪರು ಹಿಡಿದು ಕೂರುತ್ತಿದ್ದ. ಮನೆಯವರಿಗೆ ಕುರ್ಚಿಯೂ ಅವನೂ ಒಂದೇ ಆಗಿಬಿಟ್ಟಿದ್ದರು.

"ನಾನಿದ್ದೀನಲ್ಲ," ಎಂದ ಅಜ್ಜ.

ಅನ್ನ ಕಲೆಸುತ್ತಿದ್ದ ಮೂರು ಕೈಗಳು ಒಟ್ಟಿಗೆ ನಿಂತವು. ಮೊದಲು ನಕ್ಕವಳು ಅಜ್ಜಿ. "ರೀ, ಅವಳ ಚಡ್ಡಿಗೆ ಹಿಂದೆ ಯಾವುದು ಮುಂದೆ ಯಾವುದು ಅಂತ ಗೊತ್ತೇನ್ರೀ ನಿಮಗೆ?"

"ಕಲೀತೀನಿ."

"ಮಾವ, ಅವಳು ಒಂದು ಕಡೆ ಕೂರೋಳಲ್ಲ," ಎಂದಳು ಸೊಸೆ ಮೆಲ್ಲಗೆ.

"ನಾನು ಕೂತೂ ಕೂತೂ ಸಾಕಾಗಿದೆ."

ಅಷ್ಟಕ್ಕೇ ಎಲ್ಲರೂ ಒಪ್ಪಿದರು. ಅವನ ಬಾಯಿಂದ ಅಷ್ಟು ಮಾತು ಬಂದದ್ದೇ ದೊಡ್ಡದಾಗಿತ್ತು.

ಮೊದಲ ದಿನಗಳ ಕಥೆ ಹೇಳದಿರುವುದೇ ಲೇಸು. ಹಾಲು ಉಕ್ಕಿ ಒಲೆ ನಂದಿತು. ಚಡ್ಡಿ ತಿರುಗುಮುರುಗಾಯಿತು. ಅಜ್ಜ ಪಾಯಿಖಾನೆಗೆ ಹೋಗಿ ಬರುವಷ್ಟರಲ್ಲಿ ಬಟಾಣಿ ಅಕ್ಕಿ ಡಬ್ಬದೊಳಗೆ ಕೂತು ಎರಡೂ ಕೈಯಲ್ಲಿ ಅಕ್ಕಿ ಸುರಿದುಕೊಳ್ಳುತ್ತಿದ್ದಳು. ಸಂಜೆ ಬಂದ ಅಜ್ಜಿ, "ಇದೇನ್ರೀ, ಯುದ್ಧ ನಡೀತಾ ಇಲ್ಲಿ?" ಎಂದು ಪೊರಕೆ ಎತ್ತಿಕೊಂಡರೆ ಅಜ್ಜ ಆ ಪೊರಕೆಯನ್ನು ಕಿತ್ತುಕೊಂಡು ತಾನೇ ಗುಡಿಸಿದ. ಮಂಡಿ ಕಟಕಟ ಅನ್ನುತ್ತಿದ್ದರೂ ಹಲ್ಲು ಕಚ್ಚಿಕೊಂಡು ಗುಡಿಸಿದ.

ಬಟಾಣಿ ಅವನನ್ನೂ ಬಿಡಲಿಲ್ಲ. ಅಂಗಳದಲ್ಲಿ ನಲ್ಲಿಯ ಕೆಳಗೆ ಕೆಸರು ಕಲೆಸುತ್ತಿದ್ದವಳನ್ನು ಊಟಕ್ಕೆಂದು ಹಿಂದಿನಿಂದ ಎತ್ತಿಕೊಂಡದ್ದೇ ತಡ, ಮುಂಗೈಗೆ ಬಾಯಿ ಹಾಕಿದಳು. ಕಣ್ಣಲ್ಲಿ ನೀರು ಬಂತು ಅಜ್ಜನಿಗೆ. ಗದರಲು ಬಾಯಿ ತೆರೆದ. ಆದರೆ ಅವಳೇ ಅವನಿಗಿಂತ ಹೆದರಿ, ಕೆಸರುಗೈಯನ್ನು ತನ್ನ ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಮಾಡಿದ್ದು ಬಾಯಿಯೇ ಹೊರತು ತಾನಲ್ಲ ಎಂಬಂತೆ.

ಗದರುವುದು ಬಿಟ್ಟು ಅವನು ನೋಡಲು ಶುರುಮಾಡಿದ. ನೋಡುವುದೊಂದು ಅವನಿಗೆ ಗೊತ್ತಿದ್ದ ಕೆಲಸ. ಭಾರ ಹೊತ್ತ ಹಗ್ಗ ತೂಗಾಡುವ ಮೊದಲು ಒಂದು ಕ್ಷಣ ಬಿಗಿದು ಅದುರುತ್ತದೆ. ಬಟಾಣಿಯೂ ಹಾಗೇ. ಕಚ್ಚುವ ಮೊದಲು ಭುಜ ಬಿಗಿಯುತ್ತಿತ್ತು, ಉಸಿರು ನಿಲ್ಲುತ್ತಿತ್ತು, ಏನೋ ಹೇಳಲು ಹೊರಟ ತುಟಿ ಅದುರಿ, ಹೇಳಲು ಏನೂ ಸಿಗದೆ, ಆಮೇಲೆ ಹಲ್ಲು ಬರುತ್ತಿತ್ತು. ಬಲವಂತವಾಗಿ ಎತ್ತಿದಾಗ, ಕೈಯಲ್ಲಿದ್ದದ್ದನ್ನು ಕಿತ್ತುಕೊಂಡಾಗ, ಮುಖಕ್ಕೆ ಮುಖ ತಂದು ಯಾರೋ ಕೆನ್ನೆ ಹಿಂಡಿದಾಗ.

ಮಳೆ ಸುರಿಯುತ್ತಿದ್ದ ಒಂದು ಬೆಳಿಗ್ಗೆ, ಹೊರಗೆ ಬಿಡಲಾಗದೆ, ಅಜ್ಜ ಮೆಟ್ಟಿಲಿನ ಕಟಕಟೆಯ ಮೇಲಿಂದ ಒಂದು ಹಗ್ಗ ಇಳಿಬಿಟ್ಟು ಅದರ ತುದಿಗೆ ಪುಟ್ಟ ಬಕೆಟ್ಟು ಕಟ್ಟಿದ. ಬಕೆಟ್ಟಿನೊಳಗೆ ಅಜ್ಜಿ ಅಂಗಡಿಯಿಂದ ತಂದ ಖಾಲಿ ದಾರದ ರೀಲುಗಳು. ತಾನು ಮೇಲಿನ ಮೆಟ್ಟಿಲಲ್ಲಿ, ಬಟಾಣಿ ಕೆಳಗೆ. ಬೆರಳು ಮೇಲೆ ಮಾಡಿ ತಿರುಗಿಸಿದರೆ ಎತ್ತು. ಕೆಳಗೆ ಮಾಡಿದರೆ ಇಳಿಸು. ಅಂಗೈ ಮುಂದೆ ಚಾಚಿದರೆ ನಿಲ್ಲಿಸು. ಒಂದೆರಡು ಸಲ ತೋರಿಸಿದ. ಬಟಾಣಿ ಬೆರಳೆತ್ತಿದಳು, ಬಕೆಟ್ಟು ಮೇಲೆ ಹೋಯಿತು. ಅಂಗೈ ಚಾಚಿದಳು, ಬಕೆಟ್ಟು ಗಾಳಿಯಲ್ಲೇ ನಿಂತಿತು. ಅವಳು ಬಕೆಟ್ಟನ್ನು ನೋಡಿದಳು, ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು, ಆಮೇಲೆ ಅಜ್ಜನನ್ನು ನೋಡಿ ಕೇಕೆ ಹಾಕಿದಳು. ದೊಡ್ಡವರೊಬ್ಬರು ಅವಳು ಹೇಳಿದ ಕಡೆ ನಿಂತದ್ದು ಬಹುಶಃ ಅದೇ ಮೊದಲು. ಊಟದ ಹೊತ್ತು ಮೀರಿದರೂ ಆ ಬಕೆಟ್ಟು ಹತ್ತಿ ಇಳಿಯುತ್ತಲೇ ಇತ್ತು.

ಮಾರನೆಯ ದಿನದಿಂದ ಆ ಅಂಗೈ ಮನೆಯಲ್ಲೆಲ್ಲ ಓಡಾಡತೊಡಗಿತು. ಮುಖ ಒರೆಸಲು ಹೋದರೆ ಅಂಗೈ. ಎತ್ತಿಕೊಳ್ಳಲು ಬಾಗಿದರೆ ಅಂಗೈ. ಅಜ್ಜ ನಿಲ್ಲುತ್ತಿದ್ದ. ಒಂದು ಉಸಿರು ಬಿಟ್ಟು ಅವಳೇ ಮುಖ ಮುಂದೆ ಮಾಡುತ್ತಿದ್ದಳು. ಅವನ ಮುಂಗೈಯ ಗಾಯ ಒಣಗಿತು, ಹೊಸದು ಬೀಳಲಿಲ್ಲ.

ಆದರೆ ಅದೇ ಅಂಗೈಯಿಂದ ಮನೆಯಲ್ಲಿ ಬೆಂಕಿ ಹತ್ತಿತು. ಸಂಜೆ ಊಟಕ್ಕೆ ಸೊಸೆ ಬಟಾಣಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊಟ್ಟೆ ಕಲೆಸಿದ ಅನ್ನ ತಿನ್ನಿಸುತ್ತಿದ್ದಳು. ಅರ್ಧ ಬಟ್ಟಲು ಮುಗಿದಿತ್ತು. ಬಟಾಣಿ ಅಂಗೈ ಚಾಚಿದಳು.

"ಇನ್ನೊಂದೇ ತುತ್ತು, ಚಿನ್ನ. ಆ ಮಾಡು."

ಅಂಗೈ ಇನ್ನೂ ಮುಂದೆ ಬಂತು.

"ಒಂದೇ ಒಂದು. ಅಮ್ಮನ ತುತ್ತು ಇದು."

ಚಮಚ ತುಟಿ ದಾಟಿದ್ದೇ ತಡ, ಭುಜ ಬಿಗಿಯಿತು. ಅಜ್ಜ ಏಳುವಷ್ಟರಲ್ಲಿ ಸೊಸೆ "ಅಯ್ಯೋ" ಎಂದು ಬೆರಳು ಎಳೆದುಕೊಂಡಳು. ಬಟ್ಟಲು ಉರುಳಿತು.

"ಅವಳು ನಿಲ್ಲಿಸು ಅಂದಳಲ್ಲಮ್ಮ," ಎಂದ ಅಜ್ಜ.

ಸೊಸೆಗೆ ಬೆರಳಿನ ನೋವಿಗಿಂತ ಆ ಮಾತೇ ಹೆಚ್ಚು ಕಚ್ಚಿತು. "ಎಲ್ಲಿ ಅಂದಳು ಮಾವ? ಅನ್ನೋ ಬಾಯಿ ಎಲ್ಲಿದೆ ಅವಳಿಗೆ? ಇವಳ ವಯಸ್ಸಿನ ಮಕ್ಕಳು ಪಟಪಟ ಅಂತ ಮಾತಾಡ್ತಾರೆ. ಮಾತು ಬರಬೇಕಾದ ಮಗೂಗೆ ನೀವು ಕೈಸನ್ನೆ ಕಲಿಸ್ತಾ ಇದ್ದೀರಿ. ಕೈಯಲ್ಲೇ ಎಲ್ಲ ಆಗೋದಾದ್ರೆ ನಾಳೆ ಬಾಯಿ ಯಾಕೆ ತೆರೀತಾಳೆ?"

"ಕ್ರೇನಿನ ಕೆಲಸದಲ್ಲಿ ಒಂದು ನಿಯಮ. ನಿಲ್ಲಿಸು ಅಂತ ಯಾರು ಕೈ ತೋರಿಸಿದ್ರೂ ನಿಲ್ಲಿಸಬೇಕು. ಸಾಹೇಬ ಇರಲಿ, ನೀರು ಹೊರೋನು ಇರಲಿ."

"ನನ್ನ ಮಗಳು ಕಬ್ಬಿಣದ ತೊಲೆ ಅಲ್ಲ ಮಾವ!"

ಮಗ ನಡುವೆ ಬಾಯಿ ಹಾಕಿ, "ಅಪ್ಪ ಹೇಳೋದ್ರಲ್ಲೂ..." ಎಂದ. ಹೆಂಡತಿ ನೋಡಿದ ನೋಟಕ್ಕೆ ಮುಂದಿನ ಮಾತು ಅನ್ನದ ಜೊತೆಗೇ ನುಂಗಿಕೊಂಡ. ಅಜ್ಜಿ ಮಾತ್ರ ನೆಲ ಒರೆಸುತ್ತ ಗೊಣಗಿದಳು: "ನಿನ್ನೆ ಸ್ನಾನಕ್ಕೆ ಕರೆದ್ರೂ ಅಂಗೈ, ಮಲಗೋಣ ಅಂದ್ರೂ ಅಂಗೈ. ಪೊಲೀಸಿನೋಳು ಹುಟ್ಟಿದ್ದಾಳೆ ಮನೆಯಲ್ಲಿ. ಎಲ್ಲಾದಕ್ಕೂ ನಿಲ್ಲಿಸ್ತಾ ಹೋದ್ರೆ ಮನೆ ನಡೆಯುತ್ತಾ?"

ಅಜ್ಜ ಉತ್ತರ ಕೊಡಲಿಲ್ಲ. ಕೊಡಲು ಇತ್ತು, ಬಾಯಿಯವರೆಗೆ ಬಂದು ನಿಂತಿತು. ತನಗೂ ಮೊಮ್ಮಗಳಿಗೂ ಇರುವ ರೋಗ ಒಂದೇ ಅಂತ ಆ ಹೊತ್ತಿಗೆ ಅವನಿಗೆ ಅನ್ನಿಸಿತು.

ವಾರದ ಕೊನೆಗೆ ಸೊಸೆ ಬಟಾಣಿಯನ್ನು ಮಕ್ಕಳ ದವಾಖಾನೆಗೆ ಕರೆದುಕೊಂಡು ಹೊರಟಳು. "ನೀವೂ ಬನ್ನಿ ಮಾವ," ಎಂದಳು, ಇನ್ನೂ ಮುಖ ಸಡಿಲಿಸದೆ. "ಏನು ಹೇಳ್ತಾರೋ ನಿಮ್ಮ ಕಿವಿಯಲ್ಲೇ ಕೇಳಿ."

ಅಲ್ಲಿಯ ನರ್ಸು ಬಟಾಣಿಯ ಹಿಂದೆ ನಿಂತು ಗಿಲಕಿ ಅಲ್ಲಾಡಿಸಿದಳು, ಮೆಲ್ಲಗೆ ಕರೆದಳು, ಚೆಂಡು ತಾ ಎಂದಳು, ಚಿತ್ರ ತೋರಿಸಿ ನಾಯಿ ಎಲ್ಲಿ ಎಂದಳು. ಬಟಾಣಿ ಎಲ್ಲಕ್ಕೂ ಬೆರಳು ಮಾಡಿದಳು. "ಕಿವಿ ಚೆನ್ನಾಗಿದೆ, ತಲೆಗೆ ಎಲ್ಲ ಹೋಗ್ತಾ ಇದೆ. ಮಾತು ಸ್ವಲ್ಪ ನಿಧಾನ, ಮುಂದಿನ ತಿಂಗಳು ಮತ್ತೆ ನೋಡೋಣ," ಎಂದಳು ನರ್ಸು. ಕೈಸನ್ನೆಯ ವಿಷಯ ಸೊಸೆಯೇ ತೆಗೆದಳು.

"ಅದರಿಂದ ಏನೂ ತೊಂದರೆ ಇಲ್ಲಮ್ಮ. ಕಚ್ಚೋದಕ್ಕಿಂತ ಕೈ ಮಾಡೋದು ವಾಸಿ ಅಲ್ವಾ?"

ಅಜ್ಜ ಎದೆ ಸ್ವಲ್ಪ ಮುಂದೆ ಮಾಡಿದ. ನರ್ಸು ಅವನ ಕಡೆ ತಿರುಗಿದಳು.

"ಆದ್ರೆ ಅಜ್ಜ, ಕೈ ಮಾಡುವಾಗ ನಿಮ್ಮ ಬಾಯೂ ಆಡ್ತಾ ಇರಬೇಕು. ದಿನವಿಡೀ ಅವಳ ಜೊತೆ ಏನು ಮಾತಾಡ್ತೀರಿ?"

"ಅದೇ... ಊಟಕ್ಕೆ ಬಾ ಅಂತೀನಿ."

"ಅಷ್ಟೇನಾ? ಮಾತೇ ಕಿವಿಗೆ ಬೀಳದಿದ್ರೆ ಬಾಯಿಗೆ ಎಲ್ಲಿಂದ ಬರುತ್ತೆ? ಮಾಡೋದನ್ನೆಲ್ಲ ಹೇಳ್ತಾ ಮಾಡಿ. ಲೋಟ ತೆಗೆದ್ರೆ ಲೋಟ ತೆಗೆದೆ ಅನ್ನಿ. ಹುಚ್ಚು ಅಂತ ಯಾರಾದ್ರೂ ನಕ್ಕರೆ ನಗಲಿ."

ಎದೆ ಹಿಂದಕ್ಕೆ ಹೋಯಿತು.

ವಾಪಸು ಬರುವಾಗ ಬಟಾಣಿ ಇಬ್ಬರ ನಡುವೆ, ಒಂದೊಂದು ಕೈಗೆ ಜೋತು ಬಿದ್ದು ನಡೆಯುತ್ತಿದ್ದಳು. ಸೈಕಲ್ ರಿಪೇರಿ ಅಂಗಡಿಯ ಮುಂದೆ ಅವಳು ಚಕ್ರ ತಿರುಗುವುದನ್ನು ನೋಡಲು ನಿಂತಾಗ ಸೊಸೆ, ಯಾರಿಗೋ ಹೇಳುವ ಹಾಗೆ, ಹೇಳಿದಳು.

"ಅವತ್ತು ಜೋರು ಮಾತಾಡಿಬಿಟ್ಟೆ ಮಾವ. ನಾನು ಇವಳ ಜೊತೆ ಇರೋದೇ ಆ ಊಟದ ಹೊತ್ತು. ಬೆಳಿಗ್ಗೆ ಹೊರಡೋ ಗಡಿಬಿಡಿ, ಸಂಜೆ ಬಂದು ಒಂದು ಬಟ್ಟಲು ತಿನ್ನಿಸಿದ್ರೆ, ಹೌದು, ನಾನೂ ತಾಯಿ ಅನ್ನಿಸುತ್ತೆ. ಅದಕ್ಕೂ ಅವಳು ಕೈ ಅಡ್ಡ ಹಿಡಿದ್ರೆ..."

ಅಜ್ಜನಿಗೆ ಸಮಾಧಾನದ ಮಾತು ಗೊತ್ತಿರಲಿಲ್ಲ. ಗೊತ್ತಿದ್ದದ್ದನ್ನು ಹೇಳಿದ.

"ಸಂಜೆ ಎದುರುಮನೆ ಗೋಡೆ ಮೇಲೆ ಬಿಸಿಲು ಹತ್ತಿದ ಕೂಡ್ಲೆ ಇವಳು ಆಟ ಬಿಟ್ಟು ಬಾಗಿಲ ಹತ್ರ ಹೋಗಿ ಕೂರ್ತಾಳೆ. ನಾನು ಕರೆದ್ರೂ ಬರಲ್ಲ. ಬಿಸ್ಕತ್ತು ತೋರಿಸಿದ್ರೂ ಬರಲ್ಲ. ನಿನ್ನ ಚಪ್ಪಲಿ ಸದ್ದು ಕೇಳಿದ ಮೇಲೆ ಎದ್ದು ಒಳಗೆ ಓಡಿಬರ್ತಾಳೆ, ಏನೂ ಗೊತ್ತಿಲ್ಲದೋರ ಹಾಗೆ. ನಿಂಗೆ ಅದು ಕಾಣಲ್ಲ. ನಂಗೆ ದಿನಾ ಕಾಣುತ್ತೆ."

ಸೊಸೆ ಮುಖ ಆ ಕಡೆ ತಿರುಗಿಸಿಕೊಂಡು ಸೈಕಲ್ ಚಕ್ರ ನೋಡಿದಳು. ಚಕ್ರ ನಿಂತು ಬಹಳ ಹೊತ್ತಾಗಿತ್ತು. ಆ ಸಂಜೆ ಬಟಾಣಿ ಅಂಗೈ ಚಾಚಿದಾಗ ಅವಳು ಚಮಚ ಕೆಳಗಿಟ್ಟು, "ಸಾಕಾ? ಸಾಕು ಅನ್ನು," ಎಂದಳು. ಒಂದು ನಿಮಿಷ ಬಿಟ್ಟು ಬಟಾಣಿ ತಾನೇ ಚಮಚ ಹಿಡಿದು, ಅರ್ಧ ಬಾಯಿಗೆ, ಅರ್ಧ ಅಮ್ಮನ ಸೀರೆಗೆ ಉಣಿಸಿದಳು.

ಇತ್ತ ಅಜ್ಜನ ಮಾತಿನ ಪಾಠ ಶುರುವಾಯಿತು. ಮೊದಮೊದಲು ತುಕ್ಕು ಹಿಡಿದ ಬೀಗದ ಹಾಗೆ ಕಿರುಗುಟ್ಟುತ್ತಿತ್ತು. "ಇದು... ಬಕೆಟ್ಟು. ನೀಲಿ. ನೀರು ಹಾಕ್ತೀನಿ. ಹಾಕಿದೆ." ಅಷ್ಟಕ್ಕೇ ಬೆವರುತ್ತಿದ್ದ. ಪಕ್ಕದ ಮನೆಯ ಚಪ್ಪಲಿ ರಿಪೇರಿಯವನು ಕಾಂಪೌಂಡಿನಾಚೆಯಿಂದ, "ಯಾರ ಜೊತೆ ಯಜಮಾನರೇ, ಬಕೆಟ್ಟಿನ ಜೊತೆನಾ?" ಎಂದು ನಕ್ಕ. "ಹೌದಪ್ಪ, ಅದಾದ್ರೂ ಸುಮ್ಮನೆ ಕೇಳುತ್ತೆ," ಎಂದುಬಿಟ್ಟ ಅಜ್ಜ, ಎಂದುಬಿಟ್ಟ ಮೇಲೆ ತನಗೇ ಆಶ್ಚರ್ಯಪಟ್ಟ. ದಿನ ಕಳೆದಂತೆ ಬೀಗಕ್ಕೆ ಎಣ್ಣೆ ಬಿತ್ತು. ಇರುವೆ ಸಾಲು ಎಲ್ಲಿಗೆ ಹೋಗುತ್ತದೆ, ಬೀದಿನಾಯಿಗೆ ಇವತ್ತು ಯಾಕೆ ಬೇಜಾರು, ಕ್ರೇನಿನ ಮೇಲಿಂದ ನೋಡಿದರೆ ಹದ್ದಿನ ಬೆನ್ನು ಎಂಥ ಬಣ್ಣ, ಎಲ್ಲವೂ ಹೊರಗೆ ಬಂತು. ಬಟಾಣಿ ಅವನ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದಳು. ಒಮ್ಮೆ ಕೈ ಹಾಕಿ ಅವನ ಕಟ್ಟುಹಲ್ಲನ್ನು ಹೊರಗೆಳೆದು, ಮಾತು ಅದರೊಳಗಿದೆಯೇ ಎಂದು ಅಲ್ಲಾಡಿಸಿಯೂ ನೋಡಿದಳು.

ಸ್ನಾನದ ತಕರಾರಿಗೂ ದಾರಿ ಸಿಕ್ಕಿತು. "ನಿಲ್ಲಿಸು ಅಂದ್ರೆ ನಿಲ್ಲಿಸ್ತೀನಿ," ಎಂದ ಅಜ್ಜ ಅಜ್ಜಿಗೆ, "ಆದ್ರೆ ಭಾರ ಗಾಳಿಯಲ್ಲೇ ತೂಗ್ತಾ ಇರೋಕಾಗಲ್ಲ. ಯಾಕೆ ಅಂತ ಕೇಳೋದು, ಸರಿ ಮಾಡೋದು, ಮತ್ತೆ ಎತ್ತೋದು." ನೀರು ಬಿಸಿಯಾಗಿತ್ತೇ? ತಣ್ಣೀರು ಬೆರೆಸಿದ. ಸೋಪು ಕಣ್ಣಿಗೆ ಹೋಗುತ್ತದೆಯೇ? ಹಣೆಗೆ ಟವೆಲು ಕಟ್ಟಿದ. ಇಷ್ಟರ ಮೇಲೂ ಅಂಗೈ ಚಾಚಿದರೆ, "ಇದು ಬರೀ ಹಟ, ಬಾ," ಎಂದು ಎರಡು ಚೊಂಬು ಸುರಿದೇ ಬಿಡುತ್ತಿದ್ದ. ಕೂಗಾಟ ಆಗುತ್ತಿತ್ತು, ಕಚ್ಚಾಟ ಆಗುತ್ತಿರಲಿಲ್ಲ.

ಮೊದಲು ಬಂದ ಮಾತು "ಬೇ." ಯಾರಿಗೂ ಅರ್ಥವಾಗಲಿಲ್ಲ. ಬೆಕ್ಕು ಎಂದಳು ಅಜ್ಜಿ, ಬೇಳೆ ಎಂದ ಮಗ. ಆಮೇಲೊಂದು ಸಂಜೆ ಸೊಸೆಯ ಗೆಳತಿಯೊಬ್ಬಳು ಮನೆಗೆ ಬಂದು, "ಎಲ್ಲಿ, ಕಚ್ಚೋ ಮರಿ ಇದೇನಾ?" ಎಂದು ಕೆನ್ನೆ ಹಿಂಡಲು ಕೈ ತಂದಳು. ಬಟಾಣಿಯ ಭುಜ ಬಿಗಿಯಿತು. ಅಂಗೈ ಮುಂದೆ ಬಂತು, ಅದರ ಹಿಂದೆಯೇ ಬಾಯಿ ತೆರೆಯಿತು, ಹಲ್ಲು ಕಂಡವು, ಹಲ್ಲಿನ ನಡುವಿನಿಂದ ಇಡೀ ಮನೆ ಕೇಳುವಂತೆ ಹೊರಬಿತ್ತು:

"ಬೇಡ!"

ಗೆಳತಿ ಕೈ ಹಿಂದೆಳೆದುಕೊಂಡಳು. "ಅಬ್ಬಾ, ಎಂಥ ಜೋರು!"

"ಹೌದು ಕಣೇ," ಎಂದಳು ಸೊಸೆ, ನಗುತ್ತ, ಕಣ್ಣೊರೆಸಿಕೊಳ್ಳುತ್ತ. "ಎಂಥ ಜೋರು ನೋಡು."

ಮುಂದಿನ ತಿಂಗಳು ಬಟಾಣಿ ಮತ್ತೆ ಶಿಶುವಿಹಾರಕ್ಕೆ ಹೋದಳು. ಬೇಲಿಯ ಹೊರಗೆ ನಿಲ್ಲಲು ಟೀಚರು ಅಜ್ಜನಿಗೆ ಒಪ್ಪಿಗೆ ಕೊಟ್ಟರು, ಒಳಗೆ ಬಂದು ನಡುವೆ ಬಾಯಿ ಹಾಕಬಾರದು ಎಂಬ ಷರತ್ತಿನ ಮೇಲೆ. ಅಜ್ಜ ಸರಳು ಹಿಡಿದು ನಿಂತ. ಬಟಾಣಿ ಕೆಂಪು ಕೈಗಾಡಿಯೊಂದನ್ನು ಆರಿಸಿಕೊಂಡು ಮರಳು ತುಂಬತೊಡಗಿದಳು. ಎರಡು ಜಡೆಯ ಹುಡುಗಿ ಬಂದು ಗಾಡಿಯ ಹಿಡಿಗೆ ಕೈ ಹಾಕಿದಳು. ಹಳೆಯ ನೆನಪಿಗೆ ತೋಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೇ ಒಂದು ಕೈಯಲ್ಲಿ ಎಳೆದಳು. ಬಟಾಣಿ ಬಿಗಿದಳು. ಬೇಲಿಯ ಆಚೆ ಅಜ್ಜನೂ ಬಿಗಿದ. ಕೈ ತಾನಾಗಿ ಮೇಲೆದ್ದಿತು. ಎದ್ದ ಕೈಯಲ್ಲಿ ತನ್ನ ಬಾಯನ್ನೇ ಮುಚ್ಚಿಕೊಂಡ.

"ಬೇಡ! ನಂದು!" ಎಂದಳು ಬಟಾಣಿ ಅಂಗೈ ಚಾಚಿ.

ಆ ಹುಡುಗಿ ಅಂಗೈಯನ್ನು ನೋಡಿದಳು. ಬೆನ್ನ ಹಿಂದಿನ ತೋಳು ಮೆಲ್ಲಗೆ ಹೊರಗೆ ಬಂತು. ತಾನೂ ಅಂಗೈ ಚಾಚಿ, "ನಂದು!" ಎಂದಳು. ಇಬ್ಬರೂ ಅಂಗೈಗೆ ಅಂಗೈ ಒತ್ತಿ ತಳ್ಳಾಡಿದರು, ತಳ್ಳಾಟ ಯಾವಾಗ ಆಟವಾಯಿತೋ ಗೊತ್ತಾಗಲಿಲ್ಲ, ಇಬ್ಬರೂ ಮರಳಲ್ಲಿ ಕುಕ್ಕರಿಸಿ ಬಿದ್ದು ನಕ್ಕರು. ಅಷ್ಟರಲ್ಲಿ ಮೂರನೆಯವನೊಬ್ಬ ಗಾಡಿ ತಳ್ಳಿಕೊಂಡು ಹೋಗಿಯಾಗಿತ್ತು.

ಎಲ್ಲವೂ ಒಮ್ಮೆಗೇ ಸರಿಹೋಯಿತೆಂದಲ್ಲ. ಸ್ವಲ್ಪ ದಿನದ ಮೇಲೆ ಬಟಾಣಿ ಒಬ್ಬನ ಬೆನ್ನಿಗೆ ಇನ್ನೊಮ್ಮೆ ಬಾಯಿ ಹಾಕಿದಳು. ಆದರೆ ಟೀಚರು ಗೇಟಿನಲ್ಲಿ ಸೊಸೆಗೆ ಹೇಳಿದ್ದು ಇಷ್ಟೇ: "ತಕ್ಷಣ ಬಿಟ್ಟುಬಿಟ್ಟಳು, ಆಮೇಲೆ ಅವನ ಬೆನ್ನಿಗೆ ಊದಿದಳು. ನಾಳೆ ಬೇಗ ಕರ್ಕೊಂಡು ಬನ್ನಿ, ಬಣ್ಣ ಬಳಿಯೋದಿದೆ." ಮನೆಯಲ್ಲಿ "ನಂದು" ಎಂಬ ಮಾತಿಗೆ ಹೊಸ ರಾಜ್ಯಭಾರ ಬಂತು: ಅಜ್ಜಿಯ ಕನ್ನಡಕ ನಂದು, ಅಪ್ಪನ ತಟ್ಟೆ ನಂದು, ಬೀದಿಯಲ್ಲಿ ಹೋಗುವ ಬಸ್ಸೂ ನಂದು.

ಬೇಲಿಯ ಬಳಿ ಇನ್ನು ನಿಲ್ಲಬೇಕಾಗಿಲ್ಲ ಎಂದು ಟೀಚರು ಹೇಳಿದ ದಿನ ಅಜ್ಜ ಒಬ್ಬನೇ ಮನೆಗೆ ನಡೆದುಬಂದ. ಅಂದು ಅಜ್ಜಿಗೆ ವಾರದ ರಜೆ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದವಳಿಗೆ ಬಾಗಿಲ ಕಡೆಯಿಂದ ಧ್ವನಿ ಕೇಳಿಸಿತು.

"ಬಂದ್ವಿ ಮನೆಗೆ. ಈಗ ಚಪ್ಪಲಿ ಬಿಡೋಣ. ಒಂದು ಕಾಲು... ಇನ್ನೊಂದು ಕಾಲು. ಮಂಡಿ ಸ್ವಲ್ಪ ನೋಯ್ತಿದೆ, ಪರವಾಗಿಲ್ಲ. ಬಿಸಿಲು ಅಂದ್ರೆ ಬಿಸಿಲು ಇವತ್ತು. ಸೈಕಲ್ ಅಂಗಡಿಯವನು ಹೊಸ ಬೋರ್ಡು ಹಾಕಿದ್ದಾನೆ, ಹಸಿರು ಬಣ್ಣ, ಚೆನ್ನಾಗಿಲ್ಲ..."

ಅಜ್ಜಿ ಚಾಕು ಹಿಡಿದೇ ಹೊರಗೆ ಬಂದಳು. ಬಾಗಿಲಲ್ಲಿ ಮಗುವಿರಲಿಲ್ಲ, ಗಂಡ ಒಬ್ಬನೇ ಇದ್ದ.

"ಯಾರಿಗ್ರೀ ಹೇಳ್ತಾ ಇದ್ದೀರಿ?"

ಅಜ್ಜ ಸುತ್ತ ನೋಡಿದ. ಅವನಿಗೂ ಆಗಲೇ ಗೊತ್ತಾದದ್ದು. ಕಿವಿ ಕೆಂಪಾಯಿತು. ನಾಚಿಕೊಂಡು ತನ್ನ ಕಿಟಕಿಯ ಕಡೆ ಎರಡು ಹೆಜ್ಜೆ ಇಟ್ಟ.

ಅಜ್ಜಿ ಚಾಕುವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಮೇಜಿನ ಪಕ್ಕದ ಕುರ್ಚಿಯೊಂದನ್ನು ಎಳೆದು ಅವನ ಕುರ್ಚಿಯ ಎದುರು ಹಾಕಿ, ತಾನು ಕೂತು, ಅವನನ್ನೂ ಕೂರಿಸಿದಳು.

"ಹಸಿರು ಯಾಕೆ ಚೆನ್ನಾಗಿಲ್ಲ? ಹೇಳಿ," ಎಂದಳು. "ನಾನು ಕೇಳ್ತಾ ಇದ್ದೀನಿ."